ಹಳೆಯ ಬಕೀಟಿನ ವಾಸನೆಯನ್ನು ಕುರಿತ ಒಂದು ಪಾಠ

ನಮ್ಮ ಶಾಲೆಯಲ್ಲಿ ಓದಿ ಈಗ ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಸಂಸಾರ ಹೂಡಿರುವ ಹಳೆಯ ವಿದ್ಯಾರ್ಥಿನಿಯರನ್ನು ಕಂಡಾಗಲೆಲ್ಲ ಒಂದು ಪ್ರಶ್ನೆ ನನಗೆ ತಪ್ಪದೆ ಎದುರಾಗುವುದುಂಟು. "ಟೀಚರ್, ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಬಕೀಟು ಅಗ್ಗಕ್ಕೆ ಸಿಕ್ಕಿತೆಂದು ತಂದುಬಿಟ್ಟೆ. ಎಷ್ಟು ತಿಕ್ಕಿದರೂ ಉಪ್ಪಿನಕಾಯಿಯ ವಾಸನೆ ಹೋಗುತ್ತಿಲ್ಲ. ಅದರಲ್ಲಿ ಅಕ್ಕಿ ಹಾಕಬಹುದೇ?" ಹೀಗೆ ಕೇಳಿದವರು ಒಬ್ಬಿಬ್ಬರಲ್ಲ. ನಿಂತ ನಿಲುವಿನಲ್ಲಿ ಉತ್ತರ ಕೊಟ್ಟರೆ ಅದು ಅರ್ಧ ಉತ್ತರವಾಗುವುದು. ಅರ್ಧ ಉತ್ತರದಿಂದ ಈ ವಿಷಯದಲ್ಲಿ ಕೇಡೇ ಹೆಚ್ಚು. ಆದುದರಿಂದ ಅದನ್ನು ಈ ಸಂಚಿಕೆಗಾಗಿ ಒಂದು ಪಾಠದಂತೆ ಬರೆಯಲು ಹೊರಟಿದ್ದೇನೆ. ತಾಯಂದಿರಂತೆ ತಂದೆಗಳೂ ಇದನ್ನು ಓದಬೇಕೆಂಬುದು ನನ್ನ ಅಪೇಕ್ಷೆ. ಯಾಕೆಂದರೆ ಬಕೀಟನ್ನು ತೊಳೆಯುವವರು ಹೆಂಗಸರಾದರೂ ಗುಜರಿಯವನಿಂದ ಅದನ್ನು ಕೊಂಡು ತರುವವರು ಅನೇಕ ವೇಳೆ ಗಂಡಸರೇ.

ಮಲೆನಾಡಿನ ಸೆರಗಿನಲ್ಲಿರುವ ಈ ಸೀಮೆಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಗೃಹಿಣಿಗೆ ಪರೀಕ್ಷೆಯ ಕಾಲ. ಅಕ್ಕಿ, ಬೇಳೆ, ಉಪ್ಪು, ಹುಣಿಸೆಹಣ್ಣು, ಮೆಣಸಿನಕಾಯಿ, ಬೇಸಿಗೆಯಲ್ಲಿ ಮಾಡಿಟ್ಟ ಹಲಸಿನ ಹಪ್ಪಳ, ಇವೆಲ್ಲಕ್ಕೂ ತೇವ ತಾಕದ ಪಾತ್ರೆ ಬೇಕು. ಹಿಂದಿನ ದೊಡ್ಡ ಮನೆಗಳಲ್ಲಿ ಬತ್ತಕ್ಕೆ ಕಣಜವೂ ಪಣತವೂ ಇದ್ದವು. ಬಯಲು ಸೀಮೆಯ ಕಡೆ ನೆಲದೊಳಗಿನ ಹಗೇವು ಇತ್ತು. ಉಪ್ಪಿಗೆ ಮರದ ಮರಿಗೆ, ಉಪ್ಪಿನಕಾಯಿಗೆ ಭರಣಿ, ಎಣ್ಣೆಗೆ ಕುಡಿಕೆ. ಆ ಪಾತ್ರೆಗಳಲ್ಲಿ ಒಂದೊಂದಕ್ಕೂ ಒಂದೊಂದೇ ಕೆಲಸವಿದ್ದಿತೆಂಬುದನ್ನು ಗಮನಿಸಿರಿ. ಉಪ್ಪಿನಕಾಯಿಯ ಭರಣಿಯಲ್ಲಿ ಸಕ್ಕರೆ ತುಂಬುವ ಯೋಚನೆ ನಮ್ಮ ಅಜ್ಜಿಯರಿಗೆ ಕನಸಿನಲ್ಲಿಯೂ ಬಂದಿರಲಾರದು. ಈಗಿನ ಸಣ್ಣ ಮನೆಗಳಲ್ಲಿ, ಅದರಲ್ಲಿಯೂ ಬಾಡಿಗೆಯ ಮನೆಗಳಲ್ಲಿ, ಕಣಜಕ್ಕೆ ಎಡೆಯೆಲ್ಲಿ? ಹೋಟೆಲು, ಬೇಕರಿ, ಅಡುಗೆ ಕಂಟ್ರಾಕ್ಟರು ಮೊದಲಾದವರ ಬಳಿ ಬರಿದಾದ ಬಕೀಟುಗಳೂ ನೀಲಿಯ ಡ್ರಮ್ಮುಗಳೂ ಹೊಸದರ ಬೆಲೆಗಿಂತ ಎಷ್ಟೋ ಕಡಿಮೆಗೆ ಸಿಕ್ಕುತ್ತವೆ. ಇಲಿ ಸುಲಭವಾಗಿ ಕಡಿಯಲಾರದು, ತುಕ್ಕು ಹಿಡಿಯದು, ಬಿದ್ದರೆ ಒಡೆಯದು. ಕೊಳ್ಳುವವರನ್ನು ನಾನು ದೂರುವುದಿಲ್ಲ. ನಾನೂ ಕೊಂಡವಳೇ.

ನನ್ನ ಕಥೆಯನ್ನೇ ಮೊದಲು ಹೇಳಿಬಿಡುವೆನು. ಮದುವೆಯಾದ ಹೊಸದರಲ್ಲಿ ಒಂದು ಹೋಟೆಲಿನಿಂದ ಉಪ್ಪಿನಕಾಯಿಯ ಡ್ರಮ್ಮೊಂದನ್ನು ಕೊಂಡು ತಂದು, ಸೋಪಿನ ಪುಡಿಯಿಂದ ಮೂರು ಸಾರಿ ತೊಳೆದು, ಒಂದು ದಿನ ಬಿಸಿಲಿಗಿಟ್ಟು, ಮೂಗಿಟ್ಟು ನೋಡಿದೆನು. ವಾಸನೆ ಇರಲಿಲ್ಲ, ಇತ್ತೆಂದರೂ ಇಲ್ಲವೆಂಬಷ್ಟು. ಮಳೆ ಹಿಡಿಯುವ ಮುಂಚೆ ಇಪ್ಪತ್ತೈದು ಕಿಲೋ ಅಕ್ಕಿಯನ್ನು ಅದಕ್ಕೆ ಸುರಿದು, ಮುಚ್ಚಳವನ್ನು ಬಿಗಿದು, ದೊಡ್ಡ ಕೆಲಸ ಮುಗಿಸಿದವಳಂತೆ ಕೈ ಒರಸಿಕೊಂಡೆನು. ಮೂರು ವಾರ ಕಳೆದ ಮೇಲೆ ಮನೆಗೆ ನೆಂಟರು ಬಂದರು. ಅದೇ ಅಕ್ಕಿಯಿಂದ ಹಾಲುಪಾಯಸ ಮಾಡಿದೆನು. ಒಂದು ಗುಟುಕು ಕುಡಿದು ನಮ್ಮ ಅತ್ತೆಯವರು ಲೋಟವನ್ನು ಕೆಳಗಿಟ್ಟು, "ಪಾಯಸಕ್ಕೂ ಇಂಗಿನ ಒಗ್ಗರಣೆ ಕೊಟ್ಟಿದ್ದೀಯೇನಮ್ಮಾ?" ಎಂದರು. ನೆಂಟರು ನಕ್ಕರು. ನಾನು ಒಳಗೆ ಹೋಗಿ ಡ್ರಮ್ಮಿನ ಮುಚ್ಚಳ ತೆಗೆದರೆ, ಮೂರು ವಾರ ಬಾಯಿ ಕಟ್ಟಿಕೊಂಡಿದ್ದ ಇಂಗು ಸಾಸಿವೆಗಳ ಘಾಟು ಒಮ್ಮೆಗೇ ಮುಖಕ್ಕೆ ಬಡಿಯಿತು. ಆ ಅಕ್ಕಿಯನ್ನು ಚಿತ್ರಾನ್ನ ಪುಳಿಯೋಗರೆಗಳಲ್ಲಿಯೇ ಮುಗಿಸಬೇಕಾಯಿತು. ತೊಳೆದದ್ದು ಸಾಲದೆ ಹೋಯಿತೇ ಎಂದು ಬಹಳ ದಿನ ಯೋಚಿಸಿದೆನು. ತೊಳೆದದ್ದರಲ್ಲಿ ಕೊರತೆ ಇರಲಿಲ್ಲ. ವಾಸನೆ ಇದ್ದ ಸ್ಥಳವನ್ನೇ ನಾನು ತಪ್ಪು ತಿಳಿದಿದ್ದೆನು.

ಗಾಜಿನ ಪಾತ್ರೆಯಲ್ಲಿಯೂ ಮೆರುಗು ಬಳಿದ ಭರಣಿಯಲ್ಲಿಯೂ ವಾಸನೆ ಮೇಲ್ಮೈಯ ಮೇಲೆ ಮಾತ್ರ ಕುಳಿತಿರುವುದು, ತೊಳೆದರೆ ಹೋಗುವುದು. ಮಣ್ಣಿನ ಮಡಕೆಯಲ್ಲಿ ಸೂಕ್ಷ್ಮವಾದ ರಂಧ್ರಗಳುಂಟು. ನೀರೂ ಎಣ್ಣೆಯೂ ಅವುಗಳೊಳಗೆ ಇಳಿಯುವುದು ಕಣ್ಣಿಗೇ ಕಾಣುವುದು. ಪ್ಲಾಸ್ಟಿಕ್ಕು ನೋಡಲು ಗಾಜಿನಂತೆ ನುಣುಪಾಗಿದ್ದು ನಡತೆಯಲ್ಲಿ ಮೇಣದಂತಿರುವುದು. ಬಕೀಟುಗಳನ್ನು ಮಾಡುವುದು ಬಹುಮಟ್ಟಿಗೆ ಪಾಲಿಥೀನು, ಪಾಲಿಪ್ರೊಪಿಲೀನು ಎಂಬ ಎರಡು ವಸ್ತುಗಳಿಂದ. ಮೊದಲನೆಯದು ೧೯೩೩ನೆಯ ಇಸವಿಯಲ್ಲಿ ಇಂಗ್ಲೆಂಡಿನ ನಾರ್ತ್‌ವಿಚ್ ಪಟ್ಟಣದ ಬಳಿ, ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಎಂಬ ಕಂಪೆನಿಯ ಪ್ರಯೋಗಶಾಲೆಯಲ್ಲಿ, ಬೇರೊಂದನ್ನು ಹುಡುಕುತ್ತಿದ್ದವರಿಗೆ ಅಕಸ್ಮಾತ್ತಾಗಿ ದೊರೆಯಿತು. ಪಾತ್ರೆಯ ತಳದಲ್ಲಿ ಬಿಳಿಯ ಮೇಣದಂಥ ಪದಾರ್ಥವೊಂದು ಉಳಿದಿತ್ತಂತೆ. ಗಟ್ಟಿಯಾದ ಬಕೀಟು ಡ್ರಮ್ಮುಗಳಿಗೆ ಯೋಗ್ಯವಾದ ಪಾಲಿಥೀನನ್ನು ಸುಲಭವಾಗಿ ಮಾಡುವ ಬಗೆಯನ್ನು ಜರ್ಮನಿಯ ಕಾರ್ಲ್ ತ್ಸೀಗ್ಲರ್ ೧೯೫೩ರಲ್ಲಿ ಕಂಡುಹಿಡಿದರು; ಮರುವರ್ಷ ಇಟಲಿಯ ಜೂಲಿಯೊ ನಟ್ಟಾ ಅದೇ ದಾರಿಯಲ್ಲಿ ಪಾಲಿಪ್ರೊಪಿಲೀನನ್ನು ಪಡೆದರು. ಇಬ್ಬರಿಗೂ ೧೯೬೩ರಲ್ಲಿ ನೊಬೆಲ್ ಬಹುಮಾನ ಬಂದಿತು. ನಮಗೆ ಇಲ್ಲಿ ಬೇಕಾದ ಮಾತು ಒಂದೇ: ಇವೆರಡೂ ಮೂಲದಲ್ಲಿ ಎಣ್ಣೆಯ ಕುಲದವು. ಎಣ್ಣೆಗೆ ಎಣ್ಣೆ ಸೇರುವುದು, ನೀರಿಗೆ ನೀರು ಸೇರುವುದು. ಇಂಗು, ಸಾಸಿವೆ, ಬೆಳ್ಳುಳ್ಳಿ, ಮಾವಿನ ಸೊನೆ ಇವುಗಳ ಘಾಟು ಎಣ್ಣೆಯಲ್ಲಿ ಕರಗುವ ಜಾತಿಯದಾದುದರಿಂದ, ಅದು ಬಕೀಟಿನ ಗೋಡೆಯೊಳಕ್ಕೇ ಸ್ವಲ್ಪಸ್ವಲ್ಪವಾಗಿ ಕರಗಿ ಇಳಿಯುವುದು. ಕಿತ್ತಳೆಯ ರಸವನ್ನು ಪಾಲಿಥೀನಿನ ಒಳಪದರವುಳ್ಳ ಪೆಟ್ಟಿಗೆಗಳಲ್ಲಿ ತುಂಬಿ ಮಾರುವವರು ಈ ತೊಂದರೆಯನ್ನು ಚೆನ್ನಾಗಿ ಬಲ್ಲರು. ಸಿಪ್ಪೆಯ ಸುವಾಸನೆಯ ಒಂದು ಪಾಲನ್ನು ಪೆಟ್ಟಿಗೆಯ ಒಳಪದರವೇ ಹೀರಿಕೊಂಡುಬಿಡುವುದು.

ಗೋಡೆಯೊಳಗೆ ಇಳಿದ ವಾಸನೆ ಹಾಗೆಯೇ ಮೆಲ್ಲನೆ ಹೊರಕ್ಕೂ ಬರುವುದು. ಮೇಲಿನ ಪದರವನ್ನು ಸೋಪು ತೊಳೆಯುವುದು; ಒಳಗಿನದು ಸೋಪಿಗೆ ಸಿಕ್ಕುವುದಿಲ್ಲ. ಬಾಯಿ ತೆರೆದಿಟ್ಟಾಗ ಹೊರಬಂದ ಅಷ್ಟಿಷ್ಟು ವಾಸನೆ ಗಾಳಿಯಲ್ಲಿ ಸೇರಿ ನಮ್ಮ ಮೂಗಿಗೆ ತಿಳಿಯದು. ಮುಚ್ಚಳ ಬಿಗಿದು ವಾರಗಟ್ಟಲೆ ಇಟ್ಟರೆ ಅದೆಲ್ಲ ಒಳಗೇ ನಿಂತು, ಪಕ್ಕದಲ್ಲಿರುವ ಅಕ್ಕಿಯನ್ನು ಸೇರುವುದು. ಅಕ್ಕಿಯಂತೂ ವಾಸನೆಯನ್ನು ಹೀರುವುದರಲ್ಲಿ ಬಹಳ ಚುರುಕು. ನನ್ನ ಪಾಯಸದ ರಹಸ್ಯ ಇದು. ಸೊರಬದ ಗುಡಿಗಾರರು ಕೆತ್ತಿದ ಗಂಧದ ಪೆಟ್ಟಿಗೆಯನ್ನು ಕಂಡವರು ಈ ಮಾತನ್ನು ಬೇಗ ಗ್ರಹಿಸುವರು. ಮರದ ಒಳತಿರುಳಿನಲ್ಲಿರುವ ಎಣ್ಣೆ ಬಹು ನಿಧಾನವಾಗಿ ಹೊರಬರುವುದರಿಂದಲೇ ಆ ಪೆಟ್ಟಿಗೆ ಎಷ್ಟೋ ವರ್ಷ ಕಂಪು ಬೀರುತ್ತದೆ, ಒಳಗಿಟ್ಟ ರೇಷ್ಮೆಯ ಸೀರೆಗೂ ಆ ಕಂಪು ಹತ್ತುತ್ತದೆ. ಅಲ್ಲಿ ನಾವು ಮೆಚ್ಚುವ ಗುಣವನ್ನೇ ಬಕೀಟಿನಲ್ಲಿ ಹಳಿಯುತ್ತೇವೆ.

ಆದಕಾರಣ ಬಕೀಟನ್ನು ನೀರಿಗೆ ಹಿಡಿಯುವ ಮೊದಲು, ಇದರಲ್ಲಿ ಏನಿತ್ತು ಎಂದು ಕೇಳಿ ನಿಶ್ಚಯ ಮಾಡಿಕೊಳ್ಳತಕ್ಕದ್ದು. ಅದು ತಿನ್ನುವ ಪದಾರ್ಥವೇ ಆಗಿತ್ತೆಂದು ಖಚಿತವಾಗಿ ಗೊತ್ತಿದ್ದರೆ ಮಾತ್ರ ಮುಂದಿನ ಮಾತುಗಳು ನಿಮಗೆ ಸಲ್ಲುವುವು. ಹಾಗೆ ಗೊತ್ತಿಲ್ಲದವರು ಈ ಪಾಠದ ಕಡೆಯ ಭಾಗವನ್ನು ಮೊದಲು ಓದಿಕೊಳ್ಳಲಿ.

ಎಲ್ಲಕ್ಕಿಂತ ಸುಲಭವಾದದ್ದು ಜೋನಿ ಬೆಲ್ಲದ ಬಕೀಟು. ನಮ್ಮ ಕಡೆ ಅದು ಬೇಕಾದಷ್ಟು ಸಿಕ್ಕುವುದು. ಬೆಲ್ಲ ನೀರಿನಲ್ಲಿ ಕರಗುವುದೇ ಹೊರತು ಪ್ಲಾಸ್ಟಿಕ್ಕಿನಲ್ಲಿ ಕರಗುವುದಿಲ್ಲ. ಬಿಸಿನೀರಿನಲ್ಲಿ ಎರಡು ಸಾರಿ ತೊಳೆದು ಒಣಗಿಸಿದರೆ ಮುಗಿಯಿತು. ಕೊಳ್ಳುವುದಕ್ಕೆ ಆಯ್ಕೆಯಿದ್ದರೆ ಇದನ್ನೇ ಕೊಳ್ಳಿರಿ. ಮೊಸರು ಮಜ್ಜಿಗೆಗಳ ಹುಳಿನಾತ ಅದಕ್ಕಿಂತ ಸ್ವಲ್ಪ ಮೊಂಡು. ಎಣ್ಣೆ ವನಸ್ಪತಿಗಳ ಬಕೀಟು ಇನ್ನೂ ಮೊಂಡು. ಎಣ್ಣೆ ಗೋಡೆಗೆ ಹತ್ತಿ, ಗಾಳಿ ತಾಗಿ ಕಮಟುವುದು. ಮಿಡಿ ಉಪ್ಪಿನಕಾಯಿಯಲ್ಲಿ ಎಣ್ಣೆ ಹಾಕದಿದ್ದರೂ ಮಾವಿನ ಸೊನೆಯೂ ಸಾಸಿವೆಯೂ ಸೇರಿ ಬಕೀಟನ್ನು ಗಟ್ಟಿಯಾಗಿ ಹಿಡಿಯುವುವು. ಇಂಗೂ ಬೆಳ್ಳುಳ್ಳಿಯೂ ಬಿದ್ದ ಎಣ್ಣೆಯ ಉಪ್ಪಿನಕಾಯಿ ಎಲ್ಲಕ್ಕಿಂತ ಕಠಿಣ. ಕರಾವಳಿಯಿಂದ ಬರುವ ಒಣಮೀನಿನ ಬಕೀಟಿನದು ಬೇರೊಂದು ದಾರಿ; ಅದನ್ನು ಮುಂದೆ ಹೇಳುವೆನು.

ಎಣ್ಣೆ ಮೆತ್ತಿದ ಬಕೀಟಿಗೆ ಮೊದಲೇ ನೀರು ಹಾಕಬಾರದು. ಒಣ ತೌಡನ್ನಾಗಲಿ ಹಳೆಯ ವೃತ್ತಪತ್ರಿಕೆಯ ತುಂಡುಗಳನ್ನಾಗಲಿ ಹಾಕಿ ಒಳಗೆಲ್ಲ ಒರಸಿ ತೆಗೆಯಬೇಕು. ತೌಡು ಕುಡಿದಷ್ಟು ಎಣ್ಣೆಯನ್ನು ಸೋಪು ಬಿಡಿಸಲಾರದು. ಅನಂತರ ಸೋಪಿನ ಪುಡಿಯನ್ನೋ ಅಂಟುವಾಳದ ನೀರನ್ನೋ ಬಿಸಿಯಾಗಿ ಹಾಕಿ, ಒಣಗಿದ ಹೀರೇಕಾಯಿಯ ನಾರಿನಿಂದ ತಿಕ್ಕಬೇಕು. ಇಟ್ಟಿಗೆಯ ಪುಡಿ, ಮರಳು, ಕಬ್ಬಿಣದ ಬ್ರಷ್ಷು ಇವುಗಳನ್ನು ಹಿತ್ತಾಳೆಯ ಹಂಡೆಗೆ ಬಿಡಿರಿ. ಪ್ಲಾಸ್ಟಿಕ್ಕಿನ ಮೇಲೆ ಅವು ಗೀರುಗಳನ್ನು ಮಾಡುವುವು, ಗೀರಿನೊಳಗೆ ಎಣ್ಣೆಯೂ ಕೊಳೆಯೂ ಮನೆ ಮಾಡಿಕೊಳ್ಳುವುವು. ಮುಚ್ಚಳದ ಅಂಚಿನಲ್ಲಿರುವ ರಬ್ಬರಿನ ಬಳೆಯನ್ನು ಕಿತ್ತು ಬೇರೆಯಾಗಿ ತೊಳೆಯುವುದನ್ನು ಮರೆಯಬಾರದು. ಬಕೀಟು ಶುದ್ಧವಾಗಿದ್ದರೂ ಈ ಬಳೆಯೊಂದೇ ಮನೆಯೆಲ್ಲ ನಾರಲು ಸಾಕಾಗುವುದನ್ನು ನಾನು ಕಂಡಿದ್ದೇನೆ. ಎರಡು ಸಾರಿ ನೆನೆಹಾಕಿದರೂ ಅದು ಸುಧಾರಿಸದಿದ್ದರೆ ಎಸೆದುಬಿಡಿರಿ. ಬಳೆಯಿಲ್ಲದ ಮುಚ್ಚಳದ ಕೆಳಗೆ ದಪ್ಪ ಬಟ್ಟೆಯೊಂದನ್ನು ಹಾಸಿ ಬಿಗಿದರೆ ಕಾಳುಕಡಿಗೆ ಅಷ್ಟು ಸಾಕು.

ಮುಂದೆ ನೆನೆಹಾಕುವ ಕೆಲಸ. ಹದಿನೈದು ಲೀಟರಿನ ಬಕೀಟಿಗೆ ಸುಮಾರು ೨೦೦ ಗ್ರಾಂ ಅಡುಗೆ ಸೋಡಾ ಹಾಕಿ, ಕೈ ತಡೆಯಲಾರದಷ್ಟು ಬಿಸಿಯಾದ ನೀರನ್ನು ಅಂಚಿನವರೆಗೆ ತುಂಬಿ, ಮುಚ್ಚಳ ಹಾಕಿ ಒಂದು ರಾತ್ರಿ ಬಿಡಬೇಕು. ನೀರು ಬಿಸಿಯಾಗಿರುವುದೇ ಇಲ್ಲಿ ಮುಖ್ಯ. ಬಿಸಿಯಲ್ಲಿ ಗೋಡೆಯೊಳಗಿನ ವಾಸನೆಯ ಅಣುಗಳು ಬೇಗ ಬೇಗ ಚಲಿಸಿ ಹೊರಬರುವುವು. ಹಾಗೆಂದು ಕುದಿಯುವ ನೀರನ್ನು ಒಮ್ಮೆಗೇ ಸುರಿದರೆ ತೆಳುವಾದ ಬಕೀಟು ಸೊಟ್ಟಗಾಗಿ, ಮುಚ್ಚಳ ಮತ್ತೆ ಕೂರದೆ ಹೋಗುವುದುಂಟು. ಎಣ್ಣೆಯ ಕಮಟಿಗೆ ಅಡುಗೆ ಸೋಡಾಕ್ಕಿಂತ ವಾಷಿಂಗ್ ಸೋಡಾ ಮೇಲು. ಆದರೆ ಅದು ಕೈಯ ಚರ್ಮವನ್ನು ಸುಡುವುದಾದುದರಿಂದ ರಬ್ಬರಿನ ಕೈಚೀಲ ಹಾಕಿಕೊಳ್ಳಿರಿ, ಆಮೇಲೆ ಮೂರು ನಾಲ್ಕು ನೀರಿನಲ್ಲಿ ಜಾಲಾಡಿರಿ.

ಸೋಡಾ ಎಲ್ಲ ವಾಸನೆಗೂ ಮದ್ದೆಂದು ತಿಳಿಯಬಾರದು. ಅದು ಕ್ಷಾರ; ಆದುದರಿಂದ ಹುಳಿಯ ನಾತವನ್ನು, ಕಮಟು ಎಣ್ಣೆಯ ನಾತವನ್ನು, ವಿನಿಗರಿನ ನಾತವನ್ನು ಅದು ಮುರಿಯುವುದು. ಒಣಮೀನಿನ ನಾತ ಸ್ವತಃ ಕ್ಷಾರದ ಗುಣವುಳ್ಳದ್ದು. ಅದಕ್ಕೆ ಸೋಡಾ ಹಾಕಿದರೆ ನಾತ ಇನ್ನೂ ಏರುವುದು. ಮೀನಿನ ಬಕೀಟಿಗೆ ಹುಣಿಸೆಹಣ್ಣಿನ ನೀರು, ನಿಂಬೆಯ ರಸ, ವಿನಿಗರು ಇವುಗಳಲ್ಲಿ ಒಂದನ್ನು ಬೆರಸಿದ ನೀರು ತಕ್ಕದ್ದು. ಮೀನಿನ ಸಾರಿಗೆ ಹುಳಿ ಬೀಳಲೇಬೇಕೆಂದು ಅಡುಗೆಯವರು ಹಠ ಹಿಡಿಯುವುದರಲ್ಲಿ ರುಚಿಯ ಜತೆಗೆ ಈ ಗುಟ್ಟೂ ಸೇರಿದೆ. ಇಂಗು ಬೆಳ್ಳುಳ್ಳಿಗಳ ಘಾಟಾದರೋ ಗಂಧಕವುಳ್ಳ ಪದಾರ್ಥಗಳಿಂದ ಆದದ್ದು. ಅದಕ್ಕೆ ಸೋಡಾವೂ ಸಾಲದು, ಹುಳಿಯೂ ಸಾಲದು. ಅಲ್ಲಿ ಇದ್ದಿಲು ಬೇಕು.

ಇದ್ದಿಲಿನ ವಿಷಯದಲ್ಲಿ ನನಗೆ ಪಕ್ಷಪಾತವಿದೆಯೆಂದು ನನ್ನ ಮನೆಯವರು ಹಾಸ್ಯ ಮಾಡುವರು. ಒಲೆಯಲ್ಲಿ ಉಳಿದ ಕಟ್ಟಿಗೆಯ ಇದ್ದಿಲಿನ ಒಂದು ಸಣ್ಣ ತುಂಡಿನೊಳಗೆ ಲೆಕ್ಕವಿಲ್ಲದಷ್ಟು ಸೂಕ್ಷ್ಮರಂಧ್ರಗಳುಂಟು. ಗಾಳಿಯಲ್ಲಿ ತೇಲಿ ಬಂದ ವಾಸನೆ ಆ ರಂಧ್ರಗಳ ಗೋಡೆಗೆ ಅಂಟಿಕೊಂಡುಬಿಡುವುದು. ಇದ್ದಿಲನ್ನು ಕಾಳಿನಷ್ಟು ಗಾತ್ರಕ್ಕೆ ಕುಟ್ಟಿ, ಕಬ್ಬಿಣದ ಬಾಣಲೆಯಲ್ಲಿ ಬಿಸಿ ಮಾಡಿ ತೇವವನ್ನು ಓಡಿಸಿ, ಆರಿದ ಮೇಲೆ ತೆಳುವಾದ ಬಟ್ಟೆಯ ಚೀಲದಲ್ಲಿ ಕಟ್ಟಿ, ಒಣಗಿದ ಬಕೀಟಿನೊಳಗಿಟ್ಟು ಮುಚ್ಚಳ ಹಾಕಬೇಕು. ಹೀಗೆ ಮುಚ್ಚಿದ ಬಕೀಟನ್ನು ಹಗಲೆಲ್ಲ ಬಿಸಿಲಿನಲ್ಲಿಡಿರಿ. ಬಿಸಿಲಿನ ಕಾವಿಗೆ ಗೋಡೆ ವಾಸನೆಯನ್ನು ಬಿಟ್ಟುಕೊಡುವುದು, ಇದ್ದಿಲು ಅದನ್ನು ಹಿಡಿದುಕೊಳ್ಳುವುದು. ನಾಲ್ಕು ದಿನಕ್ಕೊಮ್ಮೆ ಇದ್ದಿಲನ್ನು ಬದಲಾಯಿಸಿ, ಆ ದಿನ ಬಕೀಟನ್ನು ಬಾಯಿ ತೆರೆದು ಎರಡು ಇಟ್ಟಿಗೆಗಳ ಮೇಲೆ ಬೋರಲು ಹಾಕಿ ಗಾಳಿಯಾಡಲು ಬಿಡಬೇಕು. ಎಣ್ಣೆಯ ಬಕೀಟಿಗೆ ಎರಡು ವಾರ ಸಾಕಾಗಬಹುದು. ಇಂಗಿನ ಡ್ರಮ್ಮು ಒಂದು ತಿಂಗಳನ್ನೇ ಕೇಳೀತು. ಬೇಗ ಆಗಲೆಂದು ಅವಸರಪಡುವವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು. ಆದರೆ ಬಿಸಿಲಿಗೂ ಒಂದು ಮಿತಿಯುಂಟು. ತಿಂಗಳುಗಟ್ಟಲೆ ಬಿಸಿಲಿನಲ್ಲಿಯೇ ಬಿದ್ದ ಬಕೀಟು ಬಣ್ಣಗೆಟ್ಟು ಪುಡಿಪುಡಿಯಾಗುವುದು. ಈ ಕೆಲಸಕ್ಕೆ ನಮ್ಮ ಸೀಮೆಯಲ್ಲಿ ಯುಗಾದಿಯಿಂದ ಮೇ ತಿಂಗಳ ಕಡೆಯವರೆಗಿನ ಬಿಸಿಲೇ ತಕ್ಕ ಕಾಲ. ಆಷಾಢದಲ್ಲಿ ಬಕೀಟು ಕೊಂಡು ತಂದವರು ದೀಪಾವಳಿಯವರೆಗೆ ಅದರಲ್ಲಿ ಕಟ್ಟಿಗೆಯ ಚಕ್ಕೆ ತುಂಬಿಟ್ಟುಕೊಳ್ಳಲಿ.

ಕೆಲವರು ಊದುಬತ್ತಿಯ ಹೊಗೆ ಹಾಕುವರು, ಕರ್ಪೂರ ಇಡುವರು, ಕಾಫಿಪುಡಿ ಸವರುವರು. ಇವು ನಾತವನ್ನು ಕಳೆಯುವುದಿಲ್ಲ. ಅದರ ಮೇಲೆ ಮತ್ತೊಂದನ್ನು ಹೊದಿಸುವುವು. ಕರ್ಪೂರವಂತೂ ತಾನೇ ಪ್ಲಾಸ್ಟಿಕ್ಕಿನೊಳಗೆ ಇಳಿದು ಕುಳಿತುಕೊಳ್ಳುವುದು. ಬಟ್ಟೆಯ ಪೆಟ್ಟಿಗೆಗೆ ಹಾಕುವ ನುಸಿಗುಳಿಗೆಯನ್ನು ಆಹಾರದ ಬಕೀಟಿನ ಹತ್ತಿರಕ್ಕೂ ತರಬಾರದು, ಅದು ವಿಷ. ಇನ್ನೊಂದು ಮಾತನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿರಿ. ಬ್ಲೀಚಿಂಗ್ ಪುಡಿಯನ್ನೋ ಬ್ಲೀಚಿನ ನೀರನ್ನೋ ಬಳಸಿದ ಬಕೀಟಿಗೆ, ಅದನ್ನು ಪೂರ್ತಿಯಾಗಿ ತೊಳೆಯದೆ, ವಿನಿಗರು, ನಿಂಬೆ, ಹುಣಿಸೆ ಅಥವಾ ಕಕ್ಕಸು ತೊಳೆಯುವ ಆಸಿಡ್ಡು ಹಾಕಲೇಕೂಡದು. ಎರಡೂ ಕೂಡಿದಾಗ ಕ್ಲೋರೀನ್ ಅನಿಲ ಏಳುವುದು; ಬಾಗಿಲು ಮುಚ್ಚಿದ ಬಚ್ಚಲುಮನೆಯಲ್ಲಿ ಅದನ್ನು ಉಸಿರಾಡಿದರೆ ಪ್ರಾಣಕ್ಕೇ ಅಪಾಯ. ಒಂದು ಸಾರಿಗೆ ಒಂದೇ ಮದ್ದು. ಅದನ್ನು ತೊಳೆದ ಮೇಲೆ ಮತ್ತೊಂದು.

ಬಕೀಟು ಶುದ್ಧವಾಯಿತೋ ಇಲ್ಲವೋ ಎಂದು ತೀರ್ಮಾನಿಸಲು ತೊಳೆದವಳ ಮೂಗು ಯೋಗ್ಯವಲ್ಲ. ಹಗಲೆಲ್ಲ ಆ ವಾಸನೆಯ ಜತೆಯಲ್ಲಿಯೇ ಇದ್ದ ಮೂಗು ಅದಕ್ಕೆ ಒಗ್ಗಿಹೋಗಿರುವುದು. ಒಂದು ಹಿಡಿ ಅಕ್ಕಿಯನ್ನು ಬಟ್ಟಲಿನಲ್ಲಿ ಹಾಕಿ ಬಕೀಟಿನೊಳಗಿಟ್ಟು, ಮುಚ್ಚಳ ಬಿಗಿದು, ಬೆಚ್ಚಗಿರುವ ಕಡೆ ಒಂದು ವಾರ ಬಿಡಿರಿ. ಆಮೇಲೆ ಆ ಅಕ್ಕಿಯನ್ನು ಉಪ್ಪು ಹಾಕದೆ ಬೇಯಿಸಿ, ಬಕೀಟಿನ ಕಥೆಯನ್ನು ಅರಿಯದ ಒಬ್ಬರಿಗೆ ತಿನ್ನಲು ಕೊಡಿರಿ. ಮನೆಯಲ್ಲಿ ಎಂಟು ಹತ್ತು ವರ್ಷದ ಮಗುವಿದ್ದರೆ ಅದಕ್ಕಿಂತ ಒಳ್ಳೆಯ ಪರೀಕ್ಷಕರು ಸಿಕ್ಕಲಾರರು. ಅದು ಮುಖದಾಕ್ಷಿಣ್ಯಕ್ಕೆ ಸುಳ್ಳು ಹೇಳುವುದಿಲ್ಲ. ನಾನು ಮೂರು ಸಾರಿ ತೊಳೆದು ಮೂಗಿಟ್ಟು ನೋಡಿದ ದಿನ ಈ ಒಂದು ಹಿಡಿ ಅಕ್ಕಿಯ ಪರೀಕ್ಷೆ ಗೊತ್ತಿದ್ದರೆ ಇಪ್ಪತ್ತೈದು ಕಿಲೋ ಉಳಿಯುತ್ತಿತ್ತು.

ಗೆದ್ದ ಬಕೀಟಿಗೂ ಏನನ್ನು ತುಂಬಬೇಕೆಂಬುದರಲ್ಲಿ ವಿವೇಕ ಬೇಕು. ಉಪ್ಪಿನಕಾಯಿಯದಕ್ಕೆ ಹುಣಿಸೆ, ಒಣಮೆಣಸಿನಕಾಯಿ, ಕಲ್ಲುಪ್ಪು ಹೊಂದುವುವು; ಎಳ್ಳಷ್ಟು ಘಾಟು ಉಳಿದಿದ್ದರೂ ಅವುಗಳಿಗೆ ಬಾಧೆಯಿಲ್ಲ. ಅಕ್ಕಿ, ರವೆ, ಸಕ್ಕರೆ, ಚಹಾಪುಡಿಗಳಿಗೆ ಬೆಲ್ಲದ ಬಕೀಟನ್ನೋ ಹೊಸದನ್ನೋ ಮೀಸಲಿಡಿರಿ. ಕೊಬ್ಬರಿ ಶೇಂಗಾಗಳಲ್ಲಿ ಎಣ್ಣೆಯಿರುವುದರಿಂದ ಅವು ಪ್ಲಾಸ್ಟಿಕ್ಕಿನಲ್ಲಿ ಉಳಿದದ್ದನ್ನು ಎಳೆದುಕೊಳ್ಳುವುವು. ಬತ್ತವನ್ನಾಗಲಿ ಅಕ್ಕಿಯನ್ನಾಗಲಿ ಹಸಿಯಾಗಿ ತುಂಬಬಾರದು. ಕಣಜ ಉಸಿರಾಡುವುದು, ಡ್ರಮ್ಮು ಉಸಿರಾಡದು. ತೇವ ನೂರಕ್ಕೆ ಹದಿನಾಲ್ಕನ್ನು ಮೀರಿದ ಧಾನ್ಯವನ್ನು ಮುಚ್ಚಿಟ್ಟರೆ ಬೂಷ್ಟು ಹಿಡಿಯುವುದು. ಹಲ್ಲಿನಲ್ಲಿಟ್ಟು ಕಡಿದಾಗ ಕಟಕ್ಕೆಂದು ಮುರಿಯುವಂತೆ ಒಣಗಿಸಿಯೇ ತುಂಬಿರಿ.

ಇನ್ನು ಕಡೆಯ ಭಾಗ. ಇಷ್ಟು ಹೊತ್ತೂ ನಾವು ವಾಸನೆಯನ್ನು ಶತ್ರುವೆಂದು ಭಾವಿಸಿ ಮಾತನಾಡಿದೆವು. ನಿಜವಾಗಿ ಅದು ಸಾಕ್ಷಿ. ಇಂಗಿನ ವಾಸನೆಯಿರುವ ಬಕೀಟಿನಲ್ಲಿ ಇಂಗು ಇತ್ತು. ಅದರಿಂದ ಪಾಯಸ ಕೆಟ್ಟೀತೇ ಹೊರತು ಪ್ರಾಣ ಹೋಗದು. ನಾನು ಅಂಜುವುದು ಯಾವ ವಾಸನೆಯೂ ಇಲ್ಲದ ಡ್ರಮ್ಮಿಗೆ.

ನಮ್ಮ ಸೀಮೆಯ ಅಡಿಕೆಯ ತೋಟಗಳನ್ನು ನೋಡಿರಿ. ಕೊಳೆರೋಗಕ್ಕೆ ಮೈಲುತುತ್ತವನ್ನೂ ಸುಣ್ಣವನ್ನೂ ಬೆರಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದು ನೂರು ವರ್ಷಗಳಿಂದ ನಡೆದು ಬಂದಿದೆ. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿಗಳು ಆ ರೋಗದ ಮೂಲವನ್ನು ಶೋಧಿಸಿ ಈ ಮದ್ದನ್ನು ನಮ್ಮ ತೋಟಗಳಿಗೆ ತಂದುಕೊಟ್ಟರು; ಅವರ ಉಪಕಾರ ದೊಡ್ಡದು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಇದನ್ನು ಕಲಸುವುದು ದೊಡ್ಡ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ, ಯಾಕೆಂದರೆ ಲೋಹದ ಪಾತ್ರೆಯನ್ನು ಮೈಲುತುತ್ತ ತಿಂದುಹಾಕುವುದು. ಮೈಲುತುತ್ತ ವಿಷ. ಅದಕ್ಕೆ ವಾಸನೆ ಇಲ್ಲ. ಒಣಗಿದ ಮೇಲೆ ಸುಣ್ಣದ ಕಲೆಯಂತೆ ಕಾಣುವುದು. ಎರಡು ನೀರಿನಲ್ಲಿ ತೊಳೆದರೆ ಅದೂ ಕಾಣದು. ಶಿಕಾರಿಪುರದ ಮೆಕ್ಕೆಜೋಳದ ಹೊಲಗಳಿಗೆ ಹೊಡೆಯುವ ಕಳೆನಾಶಕ, ಹುಳುವಿನ ಔಷಧಿ ಇವುಗಳ ಕ್ಯಾನುಗಳೂ ಗುಜರಿಯವನ ಅಂಗಡಿಗೇ ಬಂದು ಬೀಳುವುವು. ಬಣ್ಣದ ಬಕೀಟುಗಳೂ ಅಲ್ಲಿಯೇ. ಎಲ್ಲವನ್ನೂ ತೊಳೆದು ಸಾಲಾಗಿ ಜೋಡಿಸಿಟ್ಟಾಗ ಒಂದರಿಂದ ಮತ್ತೊಂದನ್ನು ಬಿಡಿಸಿ ಹೇಳುವವರು ಯಾರು?

ಬಕೀಟಿನ ಬುಡದಲ್ಲಿರುವ ಮುಕ್ಕೋಣದ ಗುರುತನ್ನೂ ಅದರೊಳಗಿನ ಅಂಕಿಯನ್ನೂ ನೋಡಿ ಕೊಳ್ಳಬೇಕೆಂದು ಕೆಲವರು ಹೇಳುವರು. ಎರಡು ಎಂದಿದ್ದರೆ ಗಟ್ಟಿ ಪಾಲಿಥೀನು, ಐದು ಎಂದಿದ್ದರೆ ಪಾಲಿಪ್ರೊಪಿಲೀನು. ಅದು ನಿಜ. ಆದರೆ ಹುಳುವಿನ ಔಷಧಿಯ ಎಷ್ಟೋ ಕ್ಯಾನುಗಳನ್ನು ಮಾಡುವುದೂ ಅದೇ ಎರಡನೆಯ ಅಂಕಿಯ ಪಾಲಿಥೀನಿನಿಂದ. ಅಂಕಿ ಪಾತ್ರೆಯ ಜಾತಿಯನ್ನು ಹೇಳುವುದೇ ಹೊರತು ಅದರ ಪೂರ್ವಚರಿತ್ರೆಯನ್ನು ಹೇಳುವುದಿಲ್ಲ. ಲೋಟ ಮತ್ತು ಮುಳ್ಳುಚಮಚದ ಚಿತ್ರವಿದ್ದರೆ ಆಹಾರಕ್ಕಾಗಿ ಮಾಡಿದ್ದೆಂದು ಅರ್ಥ. ಅದೂ ಹೊಸದಾಗಿದ್ದ ದಿನದ ಮಾತು. ಕೀಟನಾಶಕದ ಚೀಟಿಯ ಮೇಲೆ ವಜ್ರಾಕಾರದ ಗುರುತೊಂದಿರುವುದು. ಅದರ ಕೆಳಭಾಗ ಕೆಂಪಾಗಿದ್ದರೆ ಅತಿ ಘೋರವಾದ ವಿಷ. ಹಳದಿ ಅದಕ್ಕಿಂತ ಕಡಿಮೆ. ನೀಲಿ, ಹಸಿರು ಮತ್ತೂ ಕಡಿಮೆ. ಹಸಿರು ಕಂಡು ಧೈರ್ಯ ತಾಳಬಾರದು. ಅದೂ ವಿಷದ ಲೆಕ್ಕವೇ. ಚೀಟಿ ಹರಿದುಹೋಗಿದ್ದರೆ ಅದರ ಅಂಟಿನ ಕಲೆಯನ್ನಾದರೂ ಹುಡುಕಿರಿ.

ಪ್ಲಾಸ್ಟಿಕ್ಕಿನ ಗೋಡೆ ಇಂಗನ್ನು ಹೀರುವಂತೆಯೇ ಈ ಔಷಧಿಗಳನ್ನೂ ಹೀರುವುದು. ಅನೇಕ ಔಷಧಿಗಳು ಎಣ್ಣೆಯಲ್ಲಿ ಕರಗುವಂಥವೇ. ನಾನು ಮೇಲೆ ಹೇಳಿದ ಸೋಡಾ, ಬಿಸಿಲು, ಇದ್ದಿಲು ಇವುಗಳಿಂದ ಅಂಥ ಡ್ರಮ್ಮಿನ ವಾಸನೆ ಹೋಗಬಹುದು. ವಿಷ ಹೋಯಿತೆಂದು ಹೇಳುವ ಉಪಾಯ ಯಾವ ಮನೆಯಲ್ಲಿಯೂ ಇಲ್ಲ. ಅಂಥದರ ವಾಸನೆಯನ್ನು ಕಳೆಯುವುದೆಂದರೆ ಸಾಕ್ಷಿಯ ಬಾಯಿ ಮುಚ್ಚಿಸಿದಂತೆ.

ಇದು ಬರಿಯ ಹೆದರಿಕೆಯಲ್ಲ. ೨೦೧೩ನೆಯ ಇಸವಿ ಜುಲೈ ೧೬ರಂದು ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಗ್ರಾಮದ ಪ್ರಾಥಮಿಕ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ ಮಕ್ಕಳಲ್ಲಿ ೨೩ ಮಂದಿ ತೀರಿಹೋದರು. ಪರೀಕ್ಷೆ ಮಾಡಿದಾಗ ಅಡುಗೆಯ ಎಣ್ಣೆಯಲ್ಲಿ ಮಾನೋಕ್ರೋಟೋಫಾಸ್ ಎಂಬ ಹುಳುವಿನ ಔಷಧಿ ಸೇರಿದ್ದುದು ತಿಳಿದುಬಂದಿತು. ಹಿಂದೆ ಔಷಧಿಯಿದ್ದ ಡಬ್ಬದಲ್ಲಿ ಎಣ್ಣೆಯನ್ನು ಇಟ್ಟಿದ್ದಂತೆ ತೋರುತ್ತದೆಯೆಂದು ಅಧಿಕಾರಿಗಳು ಹೇಳಿದರು. ಊಟದ ರುಚಿ ಸರಿಯಿಲ್ಲವೆಂದು ಮಕ್ಕಳು ಹೇಳಿದ್ದರೆಂದೂ ವರದಿಯಾಯಿತು. ಶಾಲೆಯಲ್ಲಿ ಮಕ್ಕಳ ಊಟದ ಹೊತ್ತಿಗೆ ನಿಂತು ನೋಡುವ ಕೆಲಸ ನನ್ನದೂ ಆದುದರಿಂದ, ಆ ಸುದ್ದಿಯನ್ನು ಓದಿದ ಮರುದಿನ ನಮ್ಮ ಅಡುಗೆಮನೆಯಲ್ಲಿದ್ದ ಡಬ್ಬಗಳನ್ನೆಲ್ಲ ಹೊರಗಿಟ್ಟು, ಇದು ಎಲ್ಲಿಂದ ಬಂದಿತು, ಇದರಲ್ಲಿ ಮೊದಲು ಏನಿತ್ತು ಎಂದು ಒಂದೊಂದನ್ನೂ ವಿಚಾರಿಸಿದೆನು. ಎರಡಕ್ಕೆ ಉತ್ತರ ಹೇಳುವವರು ಇರಲಿಲ್ಲ. ಅವೆರಡನ್ನೂ ತಳ ತೂತು ಮಾಡಿಸಿ ಹೂಗಿಡ ನೆಡುವುದಕ್ಕೆ ಕೊಟ್ಟೆವು.

೧೯೭೧ರ ಕೀಟನಾಶಕ ನಿಯಮಗಳ ಪ್ರಕಾರ ಬರಿದಾದ ಔಷಧಿಯ ಡಬ್ಬಗಳನ್ನು ಮತ್ತೆ ಯಾರೂ ಬಳಸಲಾಗದಂತೆ ಒಡೆದು, ವಾಸದ ಮನೆಗಳಿಂದ ದೂರ ಹೂಳಬೇಕು. ಮನೆಯಲ್ಲಿ ತೋಟ ಹೊಲಗಳಿರುವ ತಂದೆಗಳಲ್ಲಿ ನನ್ನ ಬೇಡಿಕೆ ಇಷ್ಟೇ: ಔಷಧಿ ಮುಗಿದ ದಿನವೇ ಕ್ಯಾನಿನ ಬುಡಕ್ಕೆ ಗುದ್ದಲಿಯಿಂದ ಒಂದು ಏಟು ಹಾಕಿರಿ. ಗುಜರಿಯವನು ಕೊಡುವ ಹತ್ತು ರೂಪಾಯಿಯ ಆಸೆಗೆ ಇಡೀ ಕ್ಯಾನನ್ನು ಕೊಟ್ಟರೆ, ಅದು ಯಾವ ಊರಿನ ಯಾವ ಅಡುಗೆಮನೆಗೆ ಹೋಗುವುದೋ ನಿಮಗೆ ತಿಳಿಯದು. ಬೋರ್ಡೋ ಡ್ರಮ್ಮಿನ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡ 'ಔ' ಎಂದು ಬರೆದು, ಅದನ್ನು ತೋಟದ ಮನೆಯಲ್ಲಿಯೇ ಇಡಿರಿ, ಬಚ್ಚಲಿಗೂ ತರಬೇಡಿರಿ.

ಕೊಳ್ಳಲು ಹೋದವರು ಹೋಟೆಲಿನಿಂದಲೋ ಬೇಕರಿಯಿಂದಲೋ, ಚೀಟಿ ಇನ್ನೂ ಅಂಟಿಕೊಂಡಿರುವಾಗಲೇ, ವಾಸನೆ ಇನ್ನೂ ಇರುವಾಗಲೇ ಬಕೀಟನ್ನು ಕೊಳ್ಳಿರಿ. ತೊಳೆದು ಹೊಳೆಯಿಸಿ ಇಟ್ಟದ್ದಕ್ಕೆ ಹೆಚ್ಚು ಹಣ ಕೊಡುವ ವಾಡಿಕೆಯುಂಟು. ನಾನಾದರೆ ನಾರುವುದಕ್ಕೇ ಹೆಚ್ಚು ಕೊಟ್ಟೇನು.

ನನ್ನ ಹೋಟೆಲಿನ ಡ್ರಮ್ಮು ಈಗಲೂ ಮನೆಯಲ್ಲಿದೆ. ಎರಡು ಬೇಸಿಗೆ ಇದ್ದಿಲು ಕಟ್ಟಿಟ್ಟ ಮೇಲೆ ಅಕ್ಕಿಯ ಪರೀಕ್ಷೆಯಲ್ಲಿ ಅದು ಗೆದ್ದಿತು. ಆದರೂ ಅತ್ತೆಯವರು ಇರುವವರೆಗೆ ಅದರಲ್ಲಿ ಅಕ್ಕಿ ಹಾಕಗೊಡಲಿಲ್ಲ. ಈಗ ಅದರಲ್ಲಿ ವರ್ಷಕ್ಕಾಗುವ ಹುಣಿಸೆಹಣ್ಣು ಇದೆ.